ಕೆಂಟನ್ ರೋಡಿನ ಆಚೆ-ಈಚೆ: ಮೇಷ್ಟ್ರ ಸಂಬಳದ ಲೆಕ್ಕ

183 ನಂಬರ್ ಬಸ್ಸಿನಲ್ಲಿ ಕೆಂಟನ್ ರೋಡ್ ಮೇಲೆ ದಿನಾ ಓಡಾಡುವ ನಮ್ಮವರು ಬಹಳ ಜನ ಇದ್ದಾರೆ. ಆ ರಸ್ತೆಯ ಒಂದು ಮಗ್ಗುಲಿಗೆ ಇರುವ ಸ್ಕೂಲ್ ಮೇಷ್ಟ್ರ ಸಂಬಳಕ್ಕೂ ಇನ್ನೊಂದು ಮಗ್ಗುಲಿನ ಮೇಷ್ಟ್ರ ಸಂಬಳಕ್ಕೂ ವ್ಯತ್ಯಾಸ ಇದೆ ಅನ್ನೋದು ಮಾತ್ರ ಎಷ್ಟೋ ಜನರಿಗೆ ಗೊತ್ತಿಲ್ಲ. ರಸ್ತೆಯ ಉತ್ತರಕ್ಕೆ ಹ್ಯಾರೋ ಕೌನ್ಸಿಲ್, ದಕ್ಷಿಣಕ್ಕೆ ಬ್ರೆಂಟ್ ಕೌನ್ಸಿಲ್. ಶಿಕ್ಷಕರ ವೇತನದ ಮಟ್ಟಿಗೆ ಹ್ಯಾರೋ ‘ಔಟರ್ ಲಂಡನ್’, ಬ್ರೆಂಟ್ ‘ಇನ್ನರ್ ಲಂಡನ್’. 2025ರ ಸೆಪ್ಟೆಂಬರ್‌ನಿಂದ ಹೊಸದಾಗಿ ಸೇರುವ ಅರ್ಹ ಶಿಕ್ಷಕರಿಗೆ ಔಟರ್ ಲಂಡನ್‌ನಲ್ಲಿ ಆರಂಭಿಕ ಸಂಬಳ ವರ್ಷಕ್ಕೆ 37,870 ಪೌಂಡ್, ಇನ್ನರ್ ಲಂಡನ್‌ನಲ್ಲಿ 40,317 ಪೌಂಡ್. ರಸ್ತೆ ದಾಟಿದರೆ 2,447 ಪೌಂಡ್ ಹೆಚ್ಚು! ಅದೇ ಪಾಠ, ಅದೇ ವಯಸ್ಸಿನ ಮಕ್ಕಳು, ಅದೇ ಸಾಮಾನು ತರುವ ಅಂಗಡಿ.

ಟೀಚರ್‌ಗಳಿಗೆ ಮಾಡಿದ ಕೆಲಸಕ್ಕೆ ತಕ್ಕ ಸಂಬಳ ಸಿಗುತ್ತಿದೆಯಾ? ಇದು ನಮ್ಮಲ್ಲಿ ಎಲ್ಲಿ ನಾಲ್ಕು ಜನ ಸೇರಿದರೂ ಬರುವ ಪ್ರಶ್ನೆ. ಒಬ್ಬರು “ಹದಿಮೂರು ವಾರ ರಜೆ ಇದೆ, ಇನ್ನೇನು ಬೇಕು?” ಅಂತಾರೆ. ಇನ್ನೊಬ್ಬರು “ನಮ್ಮ ಮನೆಯವಳು ರಾತ್ರಿ ಹನ್ನೊಂದರ ತನಕ ಬುಕ್ ತಿದ್ದುತ್ತಾಳೆ, ನೀವೇ ಬಂದು ನೋಡಿ” ಅಂತಾರೆ. ನನ್ನದು ಲೆಕ್ಕಪತ್ರದ ಕೆಲಸ. ಬೇರೆಯವರ ಪೇ ಸ್ಲಿಪ್ ನೋಡಿ ನೋಡಿ ಇಪ್ಪತ್ತು ವರ್ಷ ಆಯಿತು. ಅದಕ್ಕೇ ಈ ತಿಂಗಳು ಭಾವನೆಯನ್ನು ಸ್ವಲ್ಪ ಪಕ್ಕಕ್ಕಿಟ್ಟು ಅಂಕಿಗಳನ್ನೇ ಮುಂದೆ ಹರಡಿಕೊಳ್ಳೋಣ ಅಂದುಕೊಂಡೆ.

ನ್ಯಾಯವಾದ ಸಂಬಳ ಅಂದರೆ ಏನು? ನಾನು ಮೂರು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಒಂದು, ನಿಜವಾಗಿ ದುಡಿದ ಗಂಟೆಗೆ ಎಷ್ಟು ಬೀಳುತ್ತದೆ? ಎರಡು, ಆ ದುಡ್ಡಲ್ಲಿ ಅದೇ ಊರಲ್ಲಿ ಸಂಸಾರ ನಡೆಯುತ್ತದಾ? ಮೂರು, ಅದೇ ಕೆಲಸ ಮಾಡುವ ಪಕ್ಕದವರಿಗೆ ಎಷ್ಟು ಸಿಗುತ್ತದೆ? ಇನ್ನೊಂದು ಮಾತು. ಇಲ್ಲಿಯ ಪೌಂಡನ್ನು ರೂಪಾಯಿಗೆ ಗುಣಿಸಿ ಊರಿನ ಮೇಷ್ಟ್ರಿಗೆ ಹೋಲಿಸಬೇಡಿ. ಇಲ್ಲಿ ದುಡಿದವರು ಇಲ್ಲೇ ಬಾಡಿಗೆ ಕಟ್ಟಬೇಕು, ಅಲ್ಲಿ ದುಡಿದವರು ಅಲ್ಲೇ ಅಕ್ಕಿ ಕೊಳ್ಳಬೇಕು.

ಹ್ಯಾರೋ ಟೀಚರ್ ಕೈಗೆ ಎಷ್ಟು?

ಹೊಸ ಟೀಚರ್‌ನ 37,870 ಪೌಂಡ್ ತೆಗೆದುಕೊಳ್ಳಿ. ಟೀಚರ್ಸ್ ಪೆನ್ಷನ್‌ಗೆ ಸುಮಾರು ಶೇ. 9 ಹೋಗುತ್ತದೆ. ಆಮೇಲೆ 12,570ರ ಮೇಲಿನದಕ್ಕೆ ಶೇ. 20 ಆದಾಯ ತೆರಿಗೆ, ಶೇ. 8 ನ್ಯಾಷನಲ್ ಇನ್ಶೂರೆನ್ಸ್. ಎಲ್ಲ ಕಳೆದು ತಿಂಗಳಿಗೆ ಕೈಗೆ ಬರೋದು ಸುಮಾರು 2,340 ಪೌಂಡ್. ಇಲ್ಲೇ ಓದಿ ಸ್ಟೂಡೆಂಟ್ ಲೋನ್ ಇರುವವರಾದರೆ ಇನ್ನೂ ಸುಮಾರು 70 ಪೌಂಡ್ ಕಡಿತ. ಹ್ಯಾರೋದಲ್ಲಿ ಒಂದು ಬೆಡ್‌ರೂಮ್ ಮನೆ ಹುಡುಕಿದವರಿಗೆ ಬಾಡಿಗೆ ಎಷ್ಟು ಅಂತ ನಾನು ಹೇಳಬೇಕಾಗಿಲ್ಲ. ಸಂಬಳದ ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಹೋಗುತ್ತದೆ. ಒಬ್ಬರೇ ಇದ್ದರೆ ಹೇಗೋ ನಡೆಯುತ್ತದೆ. ಒಬ್ಬರ ಸಂಬಳದಲ್ಲೇ ಸಂಸಾರ ನಡೆಸೋದು ಕಷ್ಟ.

ಈಗ ಗಂಟೆ ಲೆಕ್ಕ. ಇಂಗ್ಲೆಂಡಿನ ನಿಯಮದ ಪ್ರಕಾರ ಪೂರ್ಣಾವಧಿ ಟೀಚರ್‌ನನ್ನು ಹೆಡ್ ಟೀಚರ್ ವರ್ಷಕ್ಕೆ 195 ದಿನ, 1,265 ಗಂಟೆ ಮಾತ್ರ ಇಂಥ ಕೆಲಸ ಮಾಡಿ ಅಂತ ನಿಗದಿಪಡಿಸಬಹುದು. 37,870ನ್ನು 1,265ರಿಂದ ಭಾಗಿಸಿದರೆ ಗಂಟೆಗೆ ಸುಮಾರು 30 ಪೌಂಡ್. ಕೇಳಲು ಚೆನ್ನಾಗಿದೆ. ಆದರೆ ಅದೇ ನಿಯಮದಲ್ಲಿ, ಕೆಲಸ ಮುಗಿಸಲು ಬೇಕಾದ ಇನ್ನಷ್ಟು ಸಮಯವನ್ನೂ ಟೀಚರ್ ಕೊಡಬೇಕು ಅಂತ ಒಂದು ಸಾಲು ಇದೆ. ಎಷ್ಟು ಅಂತ ಮಾತ್ರ ಬರೆದಿಲ್ಲ. ತಿದ್ದೋದು, ಪಾಠ ತಯಾರಿ, ರಿಪೋರ್ಟ್, ಪೋಷಕರ ಇಮೇಲ್ ಎಲ್ಲ ಅದರೊಳಗೇ. 2005ರಿಂದ ಪಾಠದ ಸಮಯದಲ್ಲಿ ಶೇ. 10ರಷ್ಟನ್ನು ತಯಾರಿಗೆ ಬಿಡಬೇಕು ಅಂತ ಆಗಿದೆ, ಆದರೆ ಅದು ಸಾಲೋದಿಲ್ಲ. ಪೂರ್ಣಾವಧಿ ಟೀಚರ್‌ಗಳು ಪಾಠ ನಡೆಯುವ ವಾರದಲ್ಲಿ ಸರಾಸರಿ ಐವತ್ತು ಗಂಟೆಗೂ ಹೆಚ್ಚು ದುಡಿಯುತ್ತಾರೆ ಅಂತ ಸರ್ಕಾರದ್ದೇ ಸಮೀಕ್ಷೆ ಹೇಳುತ್ತದೆ. 39 ವಾರಕ್ಕೆ ಐವತ್ತು ಗಂಟೆ ಅಂತ ಹಿಡಿದರೂ 1,950 ಗಂಟೆ. ಆಗ ಗಂಟೆಗೆ ಬೀಳೋದು 19 ಪೌಂಡ್ 42 ಪೆನ್ಸ್.

ರಜೆಯ ಮಾತಿಗೂ ಇಲ್ಲೇ ಉತ್ತರ ಇದೆ. ವಾರಕ್ಕೆ 37 ಗಂಟೆಯ ಆಫೀಸ್ ಕೆಲಸ, ರಜೆ ಕಳೆದು 46 ವಾರ ಅಂದರೆ ವರ್ಷಕ್ಕೆ 1,702 ಗಂಟೆ. ಹದಿಮೂರು ವಾರ ರಜೆ ಇದ್ದೂ ಟೀಚರ್ ನಮಗಿಂತ ಸುಮಾರು 250 ಗಂಟೆ ಹೆಚ್ಚು ದುಡಿಯುತ್ತಾರೆ. ಅಂದರೆ ಆ ರಜೆ ಯಾರೂ ಪುಕ್ಕಟೆ ಕೊಟ್ಟಿದ್ದಲ್ಲ, ಮುಂಚೆಯೇ ದುಡಿದು ತೀರಿಸಿದ್ದು.

ಇನ್ನೊಂದು ಮಗ್ಗುಲನ್ನೂ ಹೇಳಬೇಕು, ಇಲ್ಲದಿದ್ದರೆ ಲೆಕ್ಕ ಸರಿಯಾಗೋದಿಲ್ಲ. ಟೀಚರ್ ಪೆನ್ಷನ್‌ಗೆ ಸ್ಕೂಲ್ ಕಡೆಯಿಂದ ಸಂಬಳದ ಶೇ. 28.68 ಕಟ್ಟುತ್ತಾರೆ. 37,870ಕ್ಕೆ ಅದು ವರ್ಷಕ್ಕೆ 10,800 ಪೌಂಡ್ ದಾಟುತ್ತದೆ. ದುಡಿದ ಪ್ರತಿ ವರ್ಷಕ್ಕೂ ಆ ವರ್ಷದ ಸಂಬಳದ 57ರಲ್ಲಿ ಒಂದು ಭಾಗ ಜೀವನಪೂರ್ತಿ ಪೆನ್ಷನ್ ಆಗಿ ಸೇರುತ್ತದೆ. ಖಾಸಗಿ ಕಂಪನಿಯಲ್ಲಿ ಶೇ. 3, ಶೇ. 5 ಕಟ್ಟಿಸಿಕೊಳ್ಳುವ ನಮ್ಮಂಥವರಿಗೆ ಇದು ಕನಸು. ಪೇ ಸ್ಲಿಪ್‌ನಲ್ಲಿ ಕೈಗೆ ಬಂದಿದ್ದನ್ನಷ್ಟೇ ನೋಡಿ “ಬಹಳ ಕಡಿಮೆ” ಅನ್ನೋದೂ ತಪ್ಪಾಗುತ್ತದೆ.

ಹಾಗಾದರೆ ಮುಷ್ಕರ ಯಾಕೆ ಆಯಿತು? 2023ರ ಫೆಬ್ರವರಿ 1ರಂದು ಸ್ಕೂಲ್ ಗೇಟಿನ ತನಕ ಹೋಗಿ ಮಕ್ಕಳನ್ನು ವಾಪಸ್ ಕರೆತಂದವರಿಗೆ ನೆನಪಿರಬಹುದು. 2011ರಿಂದ ಎರಡು ವರ್ಷ ಸಂಬಳ ಏರಲೇ ಇಲ್ಲ, ಆಮೇಲೆ 2017ರ ತನಕ ವರ್ಷಕ್ಕೆ ಶೇ. 1ರ ಮಿತಿ. 2010ರಿಂದ 2022ರ ನಡುವೆ ಬೆಲೆ ಏರಿಕೆ ಕಳೆದು ನೋಡಿದರೆ ಅನುಭವಿ ಟೀಚರ್‌ಗಳ ಸಂಬಳ ಶೇ. 13ರಷ್ಟು ಕುಸಿದಿತ್ತು ಅಂತ ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ ಲೆಕ್ಕ ಹಾಕಿದೆ. ಮುಷ್ಕರದ ನಂತರ 2023ರಲ್ಲಿ ಶೇ. 6.5, 2024ರಲ್ಲಿ ಶೇ. 5.5, 2025ರಲ್ಲಿ ಶೇ. 4 ಏರಿತು. ಹೊಸದಾಗಿ ಸೇರುವವರ ಸಂಬಳ ಚೇತರಿಸಿಕೊಂಡಿದೆ. ಹತ್ತು-ಹದಿನೈದು ವರ್ಷ ಸವೆಸಿದವರದ್ದು ಇನ್ನೂ ಹಿಂದೆಯೇ ಇದೆ.

ನಮ್ಮವರು ಹೆಚ್ಚು ಇರುವುದು ಎಲ್ಲಿ?

ಇಷ್ಟೆಲ್ಲ ಹೇಳಿದ್ದು ಅರ್ಹ ಟೀಚರ್ ಬಗ್ಗೆ. ಆದರೆ ಹ್ಯಾರೋ, ವೆಂಬ್ಲಿ, ಸ್ಟ್ಯಾನ್‌ಮೋರ್ ಸುತ್ತಮುತ್ತ ನನಗೆ ಗೊತ್ತಿರುವ ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಸ್ಕೂಲಿನಲ್ಲಿ ಟೀಚಿಂಗ್ ಅಸಿಸ್ಟೆಂಟ್. ಕೆಲವರು ಏಜೆನ್ಸಿ ಮೂಲಕ ಸಪ್ಲೈ ಟೀಚರ್. ಊರಲ್ಲಿ ಎಂಎಸ್ಸಿ, ಬಿಎಡ್ ಮಾಡಿ ಹೈಸ್ಕೂಲಿಗೆ ಗಣಿತ ಕಲಿಸಿದವರು ಇಲ್ಲಿ ಬಂದು ರಿಸೆಪ್ಷನ್ ಮಕ್ಕಳ ಕೋಟಿನ ಜಿಪ್ ಹಾಕುತ್ತಿದ್ದಾರೆ. ಆ ಕೆಲಸ ಕೀಳು ಅಂತ ನಾನು ಹೇಳುತ್ತಿಲ್ಲ. ಆದರೆ ಸಂಬಳದ ಅನ್ಯಾಯ ಹೆಚ್ಚು ಇರುವುದು ಈ ಜಾಗದಲ್ಲೇ.

ಹಾಸನದ ಕಡೆಯ ಒಬ್ಬ ತಂಗಿ ಪೇ ಸ್ಲಿಪ್ ಹಿಡಿದು ಕೇಳಿದ್ದಳು: “ಅಣ್ಣ, ಜಾಹೀರಾತಿನಲ್ಲಿ ಇದ್ದದ್ದೇ ಒಂದು, ಬಂದದ್ದೇ ಒಂದು. ಏನಾದರೂ ಮೋಸ ಆಗಿದೆಯಾ?” ಮೋಸ ಏನಿಲ್ಲ, ಆದರೆ ಅರ್ಥ ಮಾಡಿಕೊಳ್ಳಬೇಕು. ಜಾಹೀರಾತಿನಲ್ಲಿ ‘ಎಫ್‌ಟಿಇ’ ಅಂತ ಸಣ್ಣದಾಗಿ ಇರುತ್ತದೆ. ಅಂದರೆ ವರ್ಷಪೂರ್ತಿ, ಪೂರ್ಣ ವಾರ ದುಡಿದರೆ ಸಿಗುವ ಸಂಬಳ. ಲೆಕ್ಕಕ್ಕೆ 28,000 ಪೌಂಡ್ ಅಂತ ಹಿಡಿಯೋಣ. ಪೂರ್ಣ ವಾರ 36 ಗಂಟೆ, ನಿಮ್ಮ ಕೆಲಸ 30 ಗಂಟೆ. ಅಲ್ಲಿಗೆ 23,333 ಆಯಿತು. ಆಮೇಲೆ ‘ಟರ್ಮ್ ಟೈಮ್ ಓನ್ಲಿ’, ಅಂದರೆ ಪಾಠದ ವಾರ ಮತ್ತು ನಿಮ್ಮ ಹಕ್ಕಿನ ರಜೆ ಸೇರಿ ಸುಮಾರು 44 ವಾರಕ್ಕೆ ಮಾತ್ರ ಸಂಬಳ. ಅದನ್ನು 52ರಿಂದ ಭಾಗಿಸಿದರೆ ಸುಮಾರು 19,740. ಅದನ್ನೇ ಹನ್ನೆರಡು ತಿಂಗಳಿಗೆ ಹಂಚುತ್ತಾರೆ. ಪೆನ್ಷನ್, ತೆರಿಗೆ ಕಳೆದು ಕೈಗೆ ತಿಂಗಳಿಗೆ 1,400 ಪೌಂಡ್ ಆಸುಪಾಸು. ಆಗಸ್ಟ್‌ನಲ್ಲಿ ಸಂಬಳ ಬರುತ್ತದಲ್ಲ ಅಂತ ಖುಷಿಪಡಬೇಡಿ, ಅದು ನಿಮ್ಮದೇ ಹಣ, ಮುಂಚಿನ ತಿಂಗಳುಗಳಿಂದ ತೆಗೆದಿಟ್ಟಿದ್ದು.

ವಿಶೇಷ ಅಗತ್ಯದ ಮಗುವಿನ ಜೊತೆ ಇಡೀ ದಿನ ಕೂರೋರು, ಟೀಚರ್ ಬಾರದ ದಿನ ಕ್ಲಾಸ್ ನೋಡಿಕೊಳ್ಳೋರು ಇವರೇ. ಟೀಚರ್‌ಗಳ ಸಂಬಳಕ್ಕೆ 1991ರಿಂದ ಒಂದು ಪರಿಶೀಲನಾ ಮಂಡಳಿ ಇದೆ, ಅವರ ಹೆಸರಲ್ಲಿ ಟಿವಿಯಲ್ಲಿ ಮಾತು ಆಗುತ್ತದೆ. ಟಿಎಗಳ ಸಂಬಳ ಕೌನ್ಸಿಲ್ ನೌಕರರ ದೊಡ್ಡ ಪಟ್ಟಿಯ ಕೆಳಗಿನ ಮೆಟ್ಟಿಲುಗಳಲ್ಲಿ ಸದ್ದಿಲ್ಲದೆ ಕೂತಿರುತ್ತದೆ.

ಊರಿನ ಕಥೆ

ಈಗ ಊರಿಗೆ ಹೋಗೋಣ. ನಾವು ದುಡ್ಡು ಕಳಿಸುವ ಮನೆಗಳಲ್ಲಿ ಅಕ್ಕನೋ ತಮ್ಮನೋ ನಾದಿನಿಯೋ ಯಾರಾದರೂ ಒಬ್ಬರು ಟೀಚರ್ ಇರುತ್ತಾರೆ.

ಕರ್ನಾಟಕದ ಸರ್ಕಾರಿ ಶಾಲೆಯ ಕಾಯಂ ಮೇಷ್ಟ್ರ ಸ್ಥಿತಿ ಇವತ್ತು ಕೆಟ್ಟದಾಗೇನೂ ಇಲ್ಲ. ಕೆ. ಸುಧಾಕರ್ ರಾವ್ ಅಧ್ಯಕ್ಷತೆಯ 7ನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂತು. ರಾಜ್ಯ ನೌಕರರ ಕನಿಷ್ಠ ಮೂಲವೇತನ 17,000ದಿಂದ 27,000ಕ್ಕೆ ಏರಿತು. ಪ್ರಾಥಮಿಕ ಶಾಲೆಗೆ ಹೊಸದಾಗಿ ಸೇರುವ ಶಿಕ್ಷಕರ ಮೂಲವೇತನವೇ ನಲವತ್ತು ಸಾವಿರ ದಾಟುತ್ತದೆ. ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ. ತಾಲ್ಲೂಕು ಕೇಂದ್ರದಲ್ಲಿ ಇದು ಗೌರವದ ಸಂಬಳ. ಕೊರಗು ಇರುವುದು ಪಿಂಚಣಿ ಬಗ್ಗೆ. 2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ಹಳೇ ಪಿಂಚಣಿ ಇಲ್ಲ, ಎನ್‌ಪಿಎಸ್. ಇನ್ನು ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ, ಸಮೀಕ್ಷೆ ಅಂತ ಪಾಠ ಬಿಟ್ಟು ಉಳಿದದ್ದೆಲ್ಲ ಅವರ ತಲೆ ಮೇಲೇ.

ಆದರೆ ಅದೇ ಶಾಲೆಯ ಪಕ್ಕದ ಕೋಣೆಯಲ್ಲಿ ಅತಿಥಿ ಶಿಕ್ಷಕಿ ಇರುತ್ತಾರೆ. ‘ಅತಿಥಿ’ ಅಂದರೆ ನಮ್ಮಲ್ಲಿ ಊಟ ಹಾಕಿ ಕೈತೊಳೆಸಿ ಕಳಿಸುವವರು. ಇಲ್ಲಿ ಅರ್ಥ ಬೇರೆ. ಖಾಲಿ ಹುದ್ದೆ ತುಂಬದೆ, ವರ್ಷವರ್ಷ ಜೂನ್‌ನಲ್ಲಿ ಕರೆದು ಬೇಸಿಗೆ ರಜೆಗೆ ಮುಂಚೆ ಬಿಟ್ಟುಬಿಡುವವರು. ಇಂಥವರು ರಾಜ್ಯದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು. ಪ್ರಾಥಮಿಕ ಶಾಲೆಯಲ್ಲಿ ಇವರ ಗೌರವಧನ ಬಹಳ ವರ್ಷ 7,500 ರೂಪಾಯಿ ಇತ್ತು, 10,000 ಆಯಿತು, 2025-26ರಲ್ಲಿ 12,000ಕ್ಕೆ ಬಂತು. ಹೈಸ್ಕೂಲಿನಲ್ಲಿ 12,500. ಅದೂ ಎಷ್ಟೋ ಸಲ ಎರಡು ಮೂರು ತಿಂಗಳು ತಡವಾಗಿ ಒಟ್ಟಿಗೆ ಬರುತ್ತದೆ.

ಲೆಕ್ಕ ಹಾಕಿ. ತಿಂಗಳಿಗೆ 12,000ದಂತೆ ಹತ್ತು ತಿಂಗಳು ಅಂದರೆ ವರ್ಷಕ್ಕೆ 1,20,000. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 10,000. ಅದೇ 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. 26 ದಿನಕ್ಕೆ 9,620. ಡಿಎಡ್, ಬಿಎಡ್ ಮಾಡಿ, ಟಿಇಟಿ ಪಾಸಾದ ಒಬ್ಬ ಶಿಕ್ಷಕಿಗೂ ಕೆರೆ ಹೂಳೆತ್ತುವ ಕೂಲಿಗೂ ತಿಂಗಳಿಗೆ ಇರುವ ಅಂತರ 380 ರೂಪಾಯಿ! ಕೂಲಿ ಮಾಡುವವರಿಗೆ ಹೆಚ್ಚು ಕೊಟ್ಟರು ಅಂತ ನನ್ನ ತಕರಾರಲ್ಲ, ಅವರಿಗೂ ಅದು ಸಾಲೋದಿಲ್ಲ. ಪಕ್ಕದ ಕೋಣೆಯ ಕಾಯಂ ಟೀಚರ್‌ಗೆ ನಾಲ್ಕು ಪಟ್ಟು ಕೊಟ್ಟು, ಅದೇ ಪಾಠ, ಅದೇ ಪರೀಕ್ಷೆ, ಅದೇ ಫಲಿತಾಂಶವನ್ನು ಈಕೆಯಿಂದಲೂ ಕೇಳ್ತಾರಲ್ಲ, ತಕರಾರು ಅದಕ್ಕೆ.

ಡಿಗ್ರಿ ಕಾಲೇಜಿನ ಅತಿಥಿ ಉಪನ್ಯಾಸಕರ ಹೋರಾಟವನ್ನು ನೀವು ಸುದ್ದಿಯಲ್ಲಿ ನೋಡಿರುತ್ತೀರಿ. 2022ರ ಜನವರಿಗೆ ಮುಂಚೆ ಅವರಿಗೆ ಸಿಗುತ್ತಿದ್ದದ್ದು ತಿಂಗಳಿಗೆ 11,000, ಯುಜಿಸಿ ಅರ್ಹತೆ ಇದ್ದರೆ 13,000. ಮುಷ್ಕರದ ನಂತರ ಅರ್ಹತೆ ಮತ್ತು ಸೇವೆ ನೋಡಿ 26,000ದಿಂದ 32,000 ಆಯಿತು. ಜೊತೆಗೆ ವಾರದ ಪಾಠ 15 ಗಂಟೆಗೆ ಏರಿತು. ಒಬ್ಬೊಬ್ಬರಿಗೆ ಗಂಟೆ ಹೆಚ್ಚಾದಾಗ ಬೇಕಾಗುವ ಜನ ಕಡಿಮೆ ಆಗುತ್ತಾರೆ, ಹಾಗೆ ಕೆಲಸ ಕಳೆದುಕೊಂಡವರೂ ಇದ್ದಾರೆ. 2023ರ ನವೆಂಬರ್‌ನಿಂದ ಮತ್ತೆ ಮುಷ್ಕರ ನಡೆಯಿತು, ಹೊಸ ವರ್ಷಕ್ಕೆ ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟರು. ಕಾಯಂ ಮಾಡಿ ಅಂತ ಕೇಳಿದರು. ಸಿಕ್ಕಿದ್ದು 5,000ದಿಂದ 8,000 ರೂಪಾಯಿ ಹೆಚ್ಚಳ, ಆರೋಗ್ಯ ವಿಮೆ, ಅರವತ್ತು ದಾಟಿದವರಿಗೆ ಇಡಿಗಂಟು. ಇಪ್ಪತ್ತು ವರ್ಷ ಪಾಠ ಮಾಡಿದವರೂ ದಾಖಲೆಯಲ್ಲಿ ಇನ್ನೂ ಅತಿಥಿಗಳೇ.

ನ್ಯಾಯಾಲಯ ಈ ವಿಷಯದಲ್ಲಿ ಸುಮ್ಮನಿಲ್ಲ. ಕಾಯಂ ನೌಕರರ ಕೆಲಸವನ್ನೇ ಮಾಡುವ ತಾತ್ಕಾಲಿಕ ನೌಕರರಿಗೆ ಆ ವೇತನ ಶ್ರೇಣಿಯ ಕನಿಷ್ಠವಾದರೂ ಸಿಗಬೇಕು ಅಂತ 2016ರ ಅಕ್ಟೋಬರ್‌ನಲ್ಲಿ, ಪಂಜಾಬ್ ಸರ್ಕಾರ ಮತ್ತು ಜಗಜೀತ್ ಸಿಂಗ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಹೇಳಿತು. 2025ರ ಆಗಸ್ಟ್‌ನಲ್ಲಿ ಗುಜರಾತಿನ ಗುತ್ತಿಗೆ ಪ್ರಾಧ್ಯಾಪಕರ ಪ್ರಕರಣದಲ್ಲಿ ಇನ್ನೂ ನೇರವಾಗಿ ಮಾತಾಡಿತು. ಸಭೆಗಳಲ್ಲಿ ಗುರುವನ್ನು ಬ್ರಹ್ಮ, ವಿಷ್ಣು ಅಂತ ಸ್ತುತಿಸಿದರೆ ಸಾಲದು, ಸಂಬಳದಲ್ಲೂ ಅದು ಕಾಣಬೇಕು ಅನ್ನುವುದು ಆ ಮಾತಿನ ಸಾರ. ಶಿಕ್ಷಕರ ದಿನಾಚರಣೆಗೆ ಶಾಲು ಹೊದಿಸುವ ನಮ್ಮೆಲ್ಲರಿಗೂ ಈ ಮಾತು ತಾಗುತ್ತದೆ.

ಹಾಗಾದರೆ ಉತ್ತರ ಏನು?

ನನ್ನ ಮೂರು ಪ್ರಶ್ನೆಗೆ ವಾಪಸ್ ಬರುತ್ತೇನೆ. ಇಲ್ಲಿಯ ಕಾಯಂ ಟೀಚರ್‌ಗೆ ಸಂಬಳ ಮತ್ತು ಪೆನ್ಷನ್ ಸೇರಿಸಿ ನೋಡಿದರೆ ತೀರಾ ಅನ್ಯಾಯ ಇಲ್ಲ, ಆದರೆ ಅವರ ಗಂಟೆಗಳನ್ನು ಕದಿಯಲಾಗುತ್ತಿದೆ. ಅವರಿಗೆ ದುಡ್ಡಿಗಿಂತ ಮೊದಲು ಸಮಯ ಬೇಕು. ಊರಿನ ಕಾಯಂ ಮೇಷ್ಟ್ರಿಗೂ ಹೆಚ್ಚುಕಡಿಮೆ ಇದೇ ಉತ್ತರ. ಟಿಎ, ಸಪ್ಲೈ ಟೀಚರ್, ಅತಿಥಿ ಶಿಕ್ಷಕರು, ಅತಿಥಿ ಉಪನ್ಯಾಸಕರು, ಇವರ ಲೆಕ್ಕ ಮಾತ್ರ ಯಾವ ಕಡೆಯಿಂದ ಕೂಡಿದರೂ ತಾಳೆ ಆಗೋದಿಲ್ಲ. ‘ಟೀಚರ್‌ಗಳಿಗೆ ಸಂಬಳ ಸಾಲದು’ ಅಂತ ಎಲ್ಲರನ್ನೂ ಒಂದೇ ಚೀಲಕ್ಕೆ ಹಾಕಿದರೆ, ನಿಜವಾಗಿ ಸಾಲದವರು ಚೀಲದ ತಳಕ್ಕೆ ಹೋಗಿಬಿಡುತ್ತಾರೆ. ಸಂಬಳ ಏರಿಕೆಯ ಮಾತು ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ: ಯಾವ ಟೀಚರ್?

ನಮ್ಮವರು ಮಾಡಬಹುದಾದದ್ದು

ಅಸಮಾಧಾನ ಹೇಳಿಕೊಂಡು ಸುಮ್ಮನಾದರೆ ಪ್ರಯೋಜನ ಇಲ್ಲ. ಕೈಲಾಗುವ ಕೆಲವು ಕೆಲಸ ಇವೆ.

ಮೊದಲನೆಯದು, ಅರ್ಹತೆ. ಭಾರತದಲ್ಲಿ 11ರಿಂದ 16 ವಯಸ್ಸಿನವರಿಗೆ ಗಣಿತ, ವಿಜ್ಞಾನ ಅಥವಾ ಭಾಷೆ ಕಲಿಸುವ ಅರ್ಹತೆ ಪಡೆದವರು ಇಂಗ್ಲೆಂಡಿನ ಶಿಕ್ಷಕ ಅರ್ಹತೆಗೆ, ಅಂದರೆ ಕ್ಯೂಟಿಎಸ್‌ಗೆ, ನೇರ ಅರ್ಜಿ ಹಾಕುವ ಅವಕಾಶ 2023ರಿಂದ ಇದೆ. ಅರ್ಜಿಗೆ ಶುಲ್ಕ ಇಲ್ಲ. ಪದವಿ, ಬಿಎಡ್ ದಾಖಲೆ, ಕಲಿಸಿದ ಅನುಭವದ ಪತ್ರ, ಇಂಗ್ಲಿಷ್ ಮಟ್ಟದ ಪುರಾವೆ ಬೇಕು. ಬಿಎಡ್ ಮಾಡಿದ ಗಣಿತದ ಟೀಚರ್ ವರ್ಷಗಟ್ಟಲೆ ಟಿಎ ಸಂಬಳದಲ್ಲೇ ಉಳಿಯಬೇಕಿಲ್ಲ. ಎರಡರ ನಡುವೆ ತಿಂಗಳಿಗೆ ಸುಮಾರು 900 ಪೌಂಡ್ ವ್ಯತ್ಯಾಸ ಇದೆ ಅಂತ ಮೇಲಿನ ಲೆಕ್ಕದಲ್ಲೇ ನೋಡಿದಿರಿ. ನಿಯಮ ಬದಲಾಗುತ್ತಿರುತ್ತದೆ, ಸರ್ಕಾರದ ವೆಬ್‌ಸೈಟ್ ನೋಡಿಯೇ ಮುಂದುವರಿಯಿರಿ. ದುಡ್ಡು ಕೇಳುವ ದಲ್ಲಾಳಿ ಬೇಡ.

ಎರಡನೆಯದು, ಏಜೆನ್ಸಿ ಮೂಲಕ ದುಡಿಯುವವರು ವಾರ ಎಣಿಸಿ. ಒಂದೇ ಸ್ಕೂಲಿನಲ್ಲಿ ಒಂದೇ ಕೆಲಸ 12 ವಾರ ಆದರೆ, ಸ್ಕೂಲು ನೇರವಾಗಿ ನೇಮಿಸಿದ್ದರೆ ಸಿಗುತ್ತಿದ್ದ ಸಂಬಳವೇ ನಿಮಗೂ ಸಿಗಬೇಕು. 37,870ನ್ನು 195ರಿಂದ ಭಾಗಿಸಿದರೆ ದಿನಕ್ಕೆ 194 ಪೌಂಡ್. ನಿಮಗೆ 140, 150 ಬರುತ್ತಿದ್ದರೆ ಕಾಗದದಲ್ಲಿ ಬರೆದು ಕೇಳಿ. ‘ಅಂಬ್ರೆಲಾ ಕಂಪನಿ’ ಮೂಲಕ ಬರುವ ಪೇ ಸ್ಲಿಪ್ ಆದರೆ, ಉದ್ಯೋಗದಾತರ ನ್ಯಾಷನಲ್ ಇನ್ಶೂರೆನ್ಸನ್ನೂ ನಿಮ್ಮ ದಿನದ ದರದಿಂದಲೇ ತೆಗೆದಿದ್ದಾರಾ ಅಂತ ನೋಡಿ. ಏಜೆನ್ಸಿ ಕೆಲಸಕ್ಕೆ ಟೀಚರ್ಸ್ ಪೆನ್ಷನ್ ಇಲ್ಲ ಅನ್ನೋದೂ ನೆನಪಿರಲಿ.

ಮೂರನೆಯದು, ಟಿಎ ಆಗಿ ಸ್ಕೂಲಿನ ನೇರ ಕೆಲಸದಲ್ಲಿ ಇದ್ದರೆ ಲೋಕಲ್ ಗವರ್ನಮೆಂಟ್ ಪೆನ್ಷನ್ ಬಿಡಬೇಡಿ. ತಿಂಗಳಿಗೆ ನೂರು ಪೌಂಡ್ ಉಳಿಯುತ್ತದೆ ಅಂತ ಹೊರಬಂದವರನ್ನು ನಾನು ನೋಡಿದ್ದೇನೆ. ಮುಪ್ಪಿನಲ್ಲಿ ಆ ನೂರರ ಬೆಲೆ ಗೊತ್ತಾಗುತ್ತದೆ.

ಕೊನೆಯದು, ನಮ್ಮ ಮನೆಯೊಳಗಿನದೇ ಮಾತು. ವಾರಾಂತ್ಯದಲ್ಲಿ ನಮ್ಮ ಮಕ್ಕಳಿಗೆ ಅ ಆ ಇ ಈ ಕಲಿಸುವವರು ಹೆಚ್ಚಾಗಿ ಪುಕ್ಕಟೆ ಕಲಿಸುತ್ತಾರೆ. ವಾರವೆಲ್ಲ ದುಡಿದು, ಭಾನುವಾರದ ಎರಡು ಗಂಟೆ, ತಯಾರಿಗೆ ಇನ್ನೆರಡು, ಫೋಟೋಕಾಪಿಯೂ ಅವರದ್ದೇ ಖರ್ಚು. ರಾಜ್ಯೋತ್ಸವದ ದಿನ ವೇದಿಕೆಗೆ ಕರೆದು ಒಂದು ಹೂಗುಚ್ಛ ಕೊಡುತ್ತೇವೆ. ಊರಿನ ಸರ್ಕಾರ ಅತಿಥಿ ಶಿಕ್ಷಕರಿಗೆ ಮಾಡೋದನ್ನು ಬೈಯುವ ನಾವು, ಇಲ್ಲಿ ಮಾಡುತ್ತಿರುವುದೂ ಅದೇ ಜಾತಿಯದು, ಅಳತೆ ಬೇರೆ ಅಷ್ಟೆ. ಇಪ್ಪತ್ತು ಮಕ್ಕಳ ಕ್ಲಾಸಿನಲ್ಲಿ ಪ್ರತಿ ಮನೆ ವಾರಕ್ಕೆ ಮೂರು ಪೌಂಡ್ ಕೊಟ್ಟರೆ ಅರವತ್ತು ಪೌಂಡ್ ಆಗುತ್ತದೆ. ಕಲಿಸುವವರಿಗೆ ನಾಲ್ಕು ಗಂಟೆಗೆ ಗಂಟೆಗೆ ಹದಿನೈದರಂತೆ ಕೊಡಬಹುದು. ಬೇಡ ಅನ್ನುವವರು ಬೇಡ ಅನ್ನಲಿ, ಆದರೆ ಕೊಡುತ್ತೇವೆ ಅಂತ ಕೇಳುವ ಜವಾಬ್ದಾರಿ ನಮ್ಮದು. ಮುಂದಿನ ವರ್ಷದ ಬಜೆಟ್ ಬರೆಯುವ ಸಮಿತಿಯವರು ದೀಪಾವಳಿ ಊಟ, ಹಾಲ್ ಬಾಡಿಗೆ, ಸೌಂಡ್ ಸಿಸ್ಟಮ್ ಅನ್ನುವ ಸಾಲುಗಳ ಮೇಲೆ ‘ಶಿಕ್ಷಕರ ಸಂಭಾವನೆ’ ಅಂತ ಒಂದು ಸಾಲು ಬರೆಯಲಿ. ಎಷ್ಟು ಹಾಕಬೇಕು ಅಂತ ಕೂತು ಮಾತಾಡೋಣ, ಲೆಕ್ಕ ಬರೆದುಕೊಡುವ ಕೆಲಸ ನನಗಿರಲಿ.